ಸುಟ್ಟರೂ ಹಾಡದ ತಟ್ಟೆ

ಬೆಂಗಳೂರಿನ ಜಯನಗರದ ಗೃಹಸ್ಥರೊಬ್ಬರ ಮನೆಯಲ್ಲಿ ಹಳೆಯ ಕ್ಯಾಸೆಟ್ಟೊಂದು ಉಂಟು. ಗೃಹಸ್ಥರ ಹೆಸರೇಕೆ, ರಾಯರೆಂದರೆ ಸಾಕು. ಕ್ಯಾಸೆಟ್ಟಿನಲ್ಲಿರುವುದು ರಾಯರ ತಾಯಿಯ ಕಂಠ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು – ಮದುವೆಮನೆಗಳಲ್ಲಿ ಹೆಂಗಸರು ಹೇಳುತ್ತಿದ್ದ ಇಂಥವನ್ನೆಲ್ಲ ಆಕೆ ಒಂದು ಮಳೆಗಾಲದ ಮಧ್ಯಾಹ್ನ ನಡುಮನೆಯಲ್ಲಿ ಕುಳಿತು, ಕ್ಯಾಸೆಟ್ಟಿನ ಎರಡು ಮಗ್ಗುಲೂ ಮುಗಿಯುವವರೆಗೆ ಹಾಡಿದ್ದರು. ಆಕೆ ತೀರಿಹೋಗಿ ಬಹುಕಾಲವಾಯಿತು. ಟೇಪು ಅಲ್ಲಲ್ಲಿ ನಲುಗಿದೆ. ಅದು ತುಂಡಾಗುವ ಮೊದಲೇ ರಾಯರ ಮೊಮ್ಮಗ ಹಾಡುಗಳನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡ. ಅಷ್ಟರಮಟ್ಟಿಗೆ ಕಾರ್ಯ ಸುಗಮವಾಯಿತು.

ತೊಡಕು ಬಂದುದು ಆಮೇಲೆ. ಶಿವಮೊಗ್ಗದಲ್ಲಿರುವ ರಾಯರ ಅಕ್ಕನವರಿಗೆ 84 ವರ್ಷ. ಮೊಬೈಲಿನಲ್ಲಿ ಮಾತನಾಡಬಲ್ಲರೇ ಹೊರತು ಅದರೊಳಗೆ ಹಾಡು ಹುಡುಕಿ ಹಾಕಿಕೊಳ್ಳಲಾರರು. ಅವರ ಕೋಣೆಯಲ್ಲಿ 1990ರ ದಶಕದ ಸಂಗೀತದ ಪೆಟ್ಟಿಗೆಯೊಂದಿದೆ. ಅದರ ಕ್ಯಾಸೆಟ್ ಭಾಗದ ರಬ್ಬರ್ ಬೆಲ್ಟು ಅಂಟಂಟಾಗಿ ಎಂದೋ ನಿಂತುಹೋಯಿತು; ಸಿ.ಡಿ. ಭಾಗ ಮಾತ್ರ ಇಂದಿಗೂ ಗಟ್ಟಿಯಾಗಿದೆ. “ಅಮ್ಮನ ಹಾಡನ್ನು ಸಿ.ಡಿ. ಮಾಡಿ ಕಳುಹಿಸೋ. ಒಂದು ಗುಂಡಿ ಒತ್ತಿದರೆ ಕೇಳಬೇಕು, ಅಷ್ಟೆ” ಎಂದು ಅಕ್ಕನವರ ಅಪ್ಪಣೆಯಾಯಿತು.

ಈಗಿನ ಕಂಪ್ಯೂಟರುಗಳಲ್ಲಿ ಸಿ.ಡಿ. ಹಾಕುವ ಬಾಯಿಯೇ ಇಲ್ಲದಿರುವುದು ಸಾಮಾನ್ಯ. ಮೊಮ್ಮಗ ಎಸ್.ಪಿ. ರಸ್ತೆಗೆ ಹೋಗಿ, ಯು.ಎಸ್.ಬಿ. ತಂತಿಯಿಂದ ಜೋಡಿಸುವ ತೆಳುವಾದ ಡ್ರೈವೊಂದನ್ನೂ ಐದು ಖಾಲಿ ಸಿ.ಡಿ.ಗಳನ್ನೂ ಕೊಂಡುತಂದ. ಐದು ಏತಕ್ಕೆ, ಒಂದು ಸಾಲದೆ ಎಂದು ರಾಯರು ಕೇಳಿದರಂತೆ. ಕೊನೆಗೆ ಐದೂ ಬೇಕಾದುವು.

ಮೊದಲನೆಯ ತಟ್ಟೆಗೆ ಬಂದ ಸಂಕಟ ಬಹು ಮನೆಗಳಲ್ಲಿ ಕಾಣುವಂಥದು. ಕ್ಯಾಸೆಟ್ಟು 90 ನಿಮಿಷದ್ದು; ಖಾಲಿ ಸಿ.ಡಿ.ಯ ಮೇಲೆ ಬರೆದಿರುವುದು 80 ನಿಮಿಷ, 700 ಎಂ.ಬಿ. ಹಾಡುಗಳ ಎಂ.ಪಿ.-3 ಫೈಲುಗಳೆಲ್ಲ ಸೇರಿ 100 ಎಂ.ಬಿ. ಕೂಡ ಆಗಿರಲಿಲ್ಲ. ಆದರೂ ಕಂಪ್ಯೂಟರು ‘ಸ್ಥಳ ಸಾಲದು’ ಎಂದಿತು. ಹುಡುಗ ಚತುರ, ‘ಆಡಿಯೊ ಸಿ.ಡಿ.’ ಎಂಬುದನ್ನು ಬಿಟ್ಟು ‘ಡೇಟಾ ಸಿ.ಡಿ.’ ಎಂಬುದನ್ನು ಆರಿಸಿದ. ಎಲ್ಲವೂ ಹಿಡಿಯಿತು, ಕಂಪ್ಯೂಟರಿನಲ್ಲಿ ಸೊಗಸಾಗಿ ಹಾಡಿತು. ಕೊರಿಯರಿನಲ್ಲಿ ಶಿವಮೊಗ್ಗಕ್ಕೆ ಹೋಯಿತು. ನಾಲ್ಕನೆಯ ದಿನ ಅಕ್ಕನವರ ಫೋನು: “ಪೆಟ್ಟಿಗೆ ತಟ್ಟೆಯನ್ನು ತಿರುಗಿಸುತ್ತೆ, ನಿಲ್ಲಿಸುತ್ತೆ. ಅಮ್ಮ ಬಾಯಿ ಬಿಡುವುದಿಲ್ಲವಲ್ಲೋ!”

ಇಲ್ಲಿ ತಟ್ಟೆಯದೂ ತಪ್ಪಿಲ್ಲ, ಪೆಟ್ಟಿಗೆಯದೂ ತಪ್ಪಿಲ್ಲ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ರೂಪಿಸಿದ ಸಂಗೀತದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ‘ಫೈಲು’ ಎಂಬ ಮಾತೇ ಇರಲಿಲ್ಲ. ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಆ ಅಳತೆಗಳನ್ನು ಸಂಕ್ಷೇಪಿಸದೆ ಒಂದೇ ಎಳೆಯಾಗಿ ಸುರುಳಿಯಲ್ಲಿ ತುಂಬುವುದೇ ಅದರ ಕ್ರಮ. ಎಂ.ಪಿ.-3 ಎಷ್ಟು ಚಿಕ್ಕದಾದರೂ, ಆಡಿಯೊ ಸಿ.ಡಿ. ಮಾಡುವಾಗ ಕಂಪ್ಯೂಟರು ಅದನ್ನು ಮತ್ತೆ ಪೂರ್ಣ ಗಾತ್ರಕ್ಕೆ ಬಿಡಿಸಿ ಬರೆಯುತ್ತದೆ. ಆದುದರಿಂದ ಲೆಕ್ಕ ನಿಮಿಷದ್ದು, ಎಂ.ಬಿ.ಯದಲ್ಲ. ಅದೇ ತಟ್ಟೆಯನ್ನು ಡೇಟಾ ಸಿ.ಡಿ. ಮಾಡಿದರೆ ಸಾಧಾರಣ ಗುಣಮಟ್ಟದ ಎಂ.ಪಿ.-3 ಹಾಡುಗಳು ಹತ್ತು ಗಂಟೆಗೂ ಮೀರಿ ಹಿಡಿಯುತ್ತವೆ. ಆದರೆ ಅದನ್ನು ಓದುವ ವಿದ್ಯೆ ಹಳೆಯ ಪೆಟ್ಟಿಗೆಗೆ ತಿಳಿಯದು. ಪೆಟ್ಟಿಗೆಯ ಮುಖದ ಮೇಲೆ ‘ಎಂ.ಪಿ.-3’ ಎಂದು ಅಚ್ಚಾಗಿದ್ದರೆ ಮಾತ್ರ ಆ ಧೈರ್ಯ ಮಾಡಬಹುದು.

ಇಂಥದೇ ಇನ್ನೊಂದು ಬಲೆಯೂ ಉಂಟು. ಖಾಲಿ ತಟ್ಟೆ ಹಾಕಿದೊಡನೆ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ಯು.ಎಸ್.ಬಿ. ಡ್ರೈವಿನಂತೆ ಬಳಸುವಿರೋ, ಸಿ.ಡಿ., ಡಿ.ವಿ.ಡಿ. ಪ್ಲೇಯರಿನಲ್ಲಿ ಹಾಕುವಿರೋ ಎಂದು. ಆತುರದಲ್ಲಿ ಮೊದಲನೆಯದನ್ನೇ ಒತ್ತುವವರು ಹೆಚ್ಚು. ಹಾಗೆ ಮಾಡಿದ ತಟ್ಟೆ ಆ ಕಂಪ್ಯೂಟರಿನಲ್ಲಿ ತೆರೆಯುತ್ತದೆ. ನೆರೆಮನೆಯ ಪ್ಲೇಯರಿನಲ್ಲಿ ತೆರೆಯುವುದಿಲ್ಲ. ತಟ್ಟೆಗೆ ಮುಕ್ತಾಯದ ಮುದ್ರೆ ಬೀಳದಿದ್ದರೂ ಇದೇ ಗತಿ. ಕೆಲವು ತಂತ್ರಾಂಶಗಳಲ್ಲಿ ‘ಫೈನಲೈಸ್’ ಅಥವಾ ‘ಕ್ಲೋಸ್ ಡಿಸ್ಕ್’ ಎಂದು ಕಾಣುವುದು ಇದೇ. ಮತ್ತೆ ಮತ್ತೆ ಅಳಿಸಿ ಬರೆಯಬಹುದೆಂಬ ಆಸೆಯಿಂದ ಸಿ.ಡಿ.-ಆರ್.ಡಬ್ಲ್ಯು. ಕೊಳ್ಳುವವರೂ ಉಂಟು. ಆ ಜಾತಿಯ ತಟ್ಟೆಯಿಂದ ಹಿಂತಿರುಗುವ ಬೆಳಕು ಬಹಳ ಮಂದ. ಹಳೆಯ ಪ್ಲೇಯರುಗಳಿಗೆ ಅದು ಕಣ್ಣಿಗೇ ಬೀಳದು. ಅಕ್ಕನವರ ಪೆಟ್ಟಿಗೆಗೆ ಒಮ್ಮೆ ಮಾತ್ರ ಬರೆಯಬಲ್ಲ ಸಿ.ಡಿ.-ಆರ್. ತಟ್ಟೆಯೇ ಸರಿ.

ಹಾಡುಗಳನ್ನು ಎರಡು ಭಾಗ ಮಾಡಿ, ಕ್ಯಾಸೆಟ್ಟಿನ ಮಗ್ಗುಲಿಗೊಂದರಂತೆ ಎರಡು ಆಡಿಯೊ ಸಿ.ಡಿ. ಮಾಡುವುದೆಂದು ತೀರ್ಮಾನವಾಯಿತು. ಎರಡನೆಯ ತಟ್ಟೆ ಹಾಕಿದರು. ಅರ್ಧ ನಿಮಿಷವೂ ಆಗಲಿಲ್ಲ, ಕೆಲಸ ನಿಂತಿತು. ಮತ್ತೆ ಹಾಕಿದರೆ ಇದು ಖಾಲಿ ತಟ್ಟೆಯಲ್ಲ ಎಂಬ ಉತ್ತರ.

ಇದರ ಕಾರಣ ತಿಳಿಯಬೇಕಾದರೆ ತಟ್ಟೆಯೊಳಗೆ ನಡೆಯುವುದೇನೆಂದು ನೋಡಬೇಕು. ಕನ್ನಡದಲ್ಲಿ ಎಲ್ಲರೂ ‘ಸಿ.ಡಿ. ರೈಟ್ ಮಾಡು’ ಎನ್ನುತ್ತಾರೆ. ಇಂಗ್ಲಿಷರು ‘ಸುಡು’ ಎನ್ನುತ್ತಾರೆ. ಕೇಳಲು ಅಮಂಗಳವಾದರೂ ನಡೆಯುವ ಕೆಲಸಕ್ಕೆ ಎರಡನೆಯದೇ ಹತ್ತಿರ. ಅಂಗಡಿಯಲ್ಲಿ ಸಿಕ್ಕುವ ಚಲನಚಿತ್ರಗೀತೆಗಳ ಸಿ.ಡಿ.ಯನ್ನು ಕಾರ್ಖಾನೆಯಲ್ಲಿ ಅಚ್ಚು ಒತ್ತಿ ಮಾಡಿರುತ್ತಾರೆ. ಅದರಲ್ಲಿ ನಿಜವಾದ ತಗ್ಗುಗಳಿರುತ್ತವೆ. ಮನೆಯಲ್ಲಿ ಬರೆಯುವ ತಟ್ಟೆಯಲ್ಲಿರುವುದು ತೆಳುವಾದೊಂದು ಬಣ್ಣದ ಪದರ. ಲೇಸರ್ ಕಿರಣ ಚುಚ್ಚಿದಲ್ಲಿ ಬಣ್ಣ ಕಾದು ಕೆಡುತ್ತದೆ; ಅಲ್ಲಿ ಬೆಳಕು ಹಿಂದಿರುಗುವ ರೀತಿ ಬದಲಾಗುತ್ತದೆ. ಆ ಚುಕ್ಕೆಗಳ ಸಾಲು ಒಳಗಿನ ಉಂಗುರದಿಂದ ಹೊರ ಅಂಚಿನವರೆಗೆ ಸುರುಳಿ ಸುತ್ತಿಕೊಂಡಿದೆ. ಬಿಡಿಸಿ ಚಾಚಿದರೆ ಐದು ಕಿಲೋಮೀಟರಿಗೂ ಹೆಚ್ಚು ಉದ್ದ! ಓದುವಾಗ ಸಾಲುವ ಬೆಳಕು ಸುಡುವಾಗ ಸಾಲದು. ಅದಕ್ಕಾಗಿ ಡ್ರೈವು ಪ್ರಾರಂಭದಲ್ಲಿ ಒಳಗಿನ ಅಂಚಿನಲ್ಲಿ ಚೂರು ಸುಟ್ಟು ನೋಡಿ, ಈ ತಟ್ಟೆಗೆ ಎಷ್ಟು ಕಾವು ಹದ ಎಂದು ಪರೀಕ್ಷಿಸಿಕೊಳ್ಳುತ್ತದೆ. ದೋಸೆ ಹೊಯ್ಯುವ ಮುನ್ನ ಕಾವಲಿಗೆ ನೀರು ಚಿಮುಕಿಸಿ ನೋಡುವುದಿಲ್ಲವೆ, ಹಾಗೆ. ಹದ ಸಿಕ್ಕದಿದ್ದರೆ ‘ಪವರ್ ಕ್ಯಾಲಿಬ್ರೇಷನ್ ಎರರ್’ ಎಂಬ ಸಂದೇಶ ಬರುತ್ತದೆ.

ಹದ ತಪ್ಪಲು ಲೇಸರ್ ಮುಪ್ಪಾಗಿರಬಹುದು, ಮಸೂರದ ಮೇಲೆ ಧೂಳು ಕುಳಿತಿರಬಹುದು, ತಟ್ಟೆ ಅಗ್ಗದ್ದಾಗಿರಬಹುದು. ರಾಯರ ಮನೆಯಲ್ಲಿ ಕಾರಣ ಇವಾವುದೂ ಅಲ್ಲ. ಡ್ರೈವಿಗೆ ವಿದ್ಯುತ್ತೆಲ್ಲ ಬರುವುದು ಯು.ಎಸ್.ಬಿ. ತಂತಿಯೊಂದರಿಂದಲೇ. ಹಳೆಯ ಮಾದರಿಯ ಯು.ಎಸ್.ಬಿ. ಕಿಂಡಿ ಕೊಡಬೇಕಾದ ವಿದ್ಯುತ್ತು 500 ಮಿಲಿಆಂಪಿಯರು ಮಾತ್ರ. ಮೊಮ್ಮಗ ಡ್ರೈವನ್ನು ಒಂದು ಹಬ್ಬಿಗೆ ಸಿಕ್ಕಿಸಿದ್ದ. ಅದೇ ಹಬ್ಬಿನಲ್ಲಿ ಕೀಲಿಮಣೆಯೂ ಮೌಸೂ ಫೋನಿನ ಚಾರ್ಜಿನ ತಂತಿಯೂ ಇದ್ದುವು. ತಟ್ಟೆ ತಿರುಗುತ್ತಿರುವಾಗಲೇ ಲೇಸರ್ ಪೂರ್ಣ ಕಾವಿಗೆ ಏರಬೇಕಾದ ಸಮಯದಲ್ಲಿ ವಿದ್ಯುತ್ತು ಸಾಲದಾಯಿತು. ಡ್ರೈವಿನೊಡನೆ ಎರಡು ತಲೆಯ ತಂತಿಯೊಂದು ಬಂದಿತ್ತು. ಅದನ್ನು ಬೇಡದ ವಸ್ತುವೆಂದು ಡಬ್ಬದಲ್ಲಿಯೇ ಬಿಟ್ಟಿದ್ದರು. ಅದರ ಎರಡು ತಲೆಗಳನ್ನೂ ಕಂಪ್ಯೂಟರಿನ ಹಿಂಭಾಗದ ಕಿಂಡಿಗಳಿಗೇ ನೇರವಾಗಿ ಸಿಕ್ಕಿಸಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ.

ಮೂರನೆಯ ತಟ್ಟೆ ಪೂರ್ತಿ ಬರೆಯಿತು. ಮನೆಯವರೆಲ್ಲ ಸಂತೋಷಪಟ್ಟರು. ಆದರೆ ರಾಯರು ಒಮ್ಮೆ ಕೈಸುಟ್ಟುಕೊಂಡವರು. ಕೊರಿಯರಿಗೆ ಕೊಡದೆ, ಎದುರುಮನೆಯವರ ಹಳೆಯ ಪ್ಲೇಯರಿನಲ್ಲಿ ಹಾಕಿ ಕೊನೆಯವರೆಗೂ ಕುಳಿತು ಕೇಳಿದರು. ಇದು ಬಹು ಒಳ್ಳೆಯ ಕೆಲಸ. ಡೇಟಾ ತಟ್ಟೆಯಾದರೆ ಬರೆದುದನ್ನೂ ಮೂಲವನ್ನೂ ಕಂಪ್ಯೂಟರೇ ತಾಳೆನೋಡುವಂತೆ ಮಾಡಬಹುದು; ‘ವೆರಿಫೈ’ ಎಂಬ ಚೌಕಕ್ಕೆ ಗುರುತು ಹಾಕಿದರಾಯಿತು. ಆಡಿಯೊ ಸಿ.ಡಿ.ಗೆ ಸಾಮಾನ್ಯವಾಗಿ ಆ ಅನುಕೂಲವಿಲ್ಲ. ಕಿವಿಯೇ ಪ್ರಮಾಣ. ಮೊದಲ ಹಾಡುಗಳು ಸ್ವಚ್ಛವಾಗಿದ್ದುವು. ಕೊನೆಯ ಎರಡು ಹಾಡುಗಳಲ್ಲಿ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಚಟ ಸದ್ದು. ಒಂದೆಡೆ ತಾಯಿಯ ಧ್ವನಿಯೇ ತಡವರಿಸಿತು.

ಬರವಣಿಗೆ ಒಳಗಿನಿಂದ ಹೊರಕ್ಕೆ ಸಾಗುತ್ತದೆಂದು ಮೇಲೆ ಹೇಳಿದೆಯಷ್ಟೆ. ಅತಿ ವೇಗದಲ್ಲಿ ಬರೆಯುವಾಗ ಡ್ರೈವು ಒಳಗೆ ಸಾವಧಾನವಾಗಿ ಹೊರಟು, ಹೊರಕ್ಕೆ ಹೋದಂತೆಲ್ಲ ವೇಗ ಹೆಚ್ಚಿಸಿಕೊಳ್ಳುತ್ತದೆ. ಹೊರಗಿನ ಸುತ್ತುಗಳಲ್ಲಿ ಒಂದೊಂದು ಚುಕ್ಕೆಯನ್ನು ಸುಡಲು ದೊರೆಯುವ ಕಾಲ ತೀರ ಅಲ್ಪ. ತಟ್ಟೆ ಎಳ್ಳಷ್ಟು ಬಾಗಿದ್ದರೂ ಅದರ ಓಲಾಟ ಹೊರಗೆ ಹೆಚ್ಚು. ಆದಕಾರಣ ದೋಷಗಳೆಲ್ಲ ಕೊನೆಯ ಹಾಡುಗಳಿಗೇ ಅಂಟಿಕೊಳ್ಳುವುವು. ಸಂಗೀತ ಕೇಳುವಾಗ ಪ್ಲೇಯರಿನಲ್ಲಿ ಸಿ.ಡಿ. ತಿರುಗುವುದು ನಿಮಿಷಕ್ಕೆ ಸುಮಾರು 200ರಿಂದ 500 ಸುತ್ತು. ದೊಡ್ಡ ಡ್ರೈವುಗಳಲ್ಲಿ 52 ಪಟ್ಟು ವೇಗವೆಂದರೆ ಸುಮಾರು 10,000 ಸುತ್ತು! ರಾಯರ ತೆಳು ಡ್ರೈವಿನ ಮಿತಿ 24 ಪಟ್ಟು. ಅದನ್ನೇ ಹುಡುಗ ಆರಿಸಿದ್ದ. ವಿಂಡೋಸಿನ ಹಳೆಯ ಮೀಡಿಯಾ ಪ್ಲೇಯರಿನಲ್ಲಿ ‘ಆಪ್ಷನ್ಸ್’ ತೆರೆದು ‘ಬರ್ನ್’ ಪುಟಕ್ಕೆ ಹೋದರೆ ವೇಗವನ್ನು ‘ಮೀಡಿಯಂ’ ಮಾಡಬಹುದು. ಎಷ್ಟು ನಿಧಾನವೋ ಅಷ್ಟು ಒಳ್ಳೆಯದೆಂಬ ಮಾತು ಪೂರ್ತಿ ನಿಜವಲ್ಲ. ವೇಗದ ಬರವಣಿಗೆಗೆಂದು ತಯಾರಾದ ಬಣ್ಣ ತೀರ ನಿಧಾನದಲ್ಲಿಯೂ ಹದಗೆಡಬಹುದು. ನಡುವಣ ವೇಗ ಕ್ಷೇಮ.

ಬರೆಯುತ್ತಿರುವಾಗ ಕಂಪ್ಯೂಟರನ್ನು ಮುಟ್ಟಕೂಡದು, ಮೌಸನ್ನು ಅಲ್ಲಾಡಿಸಕೂಡದು ಎಂಬ ಮಡಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಒಂದು ಕಾಲಕ್ಕೆ ಅದು ಸತ್ಯವೇ ಆಗಿತ್ತು. ಕಂಪ್ಯೂಟರಿನಿಂದ ಬರುವ ಹರಿವು ಕ್ಷಣಮಾತ್ರ ನಿಂತರೂ ಲೇಸರಿಗೆ ಬರೆಯಲು ಏನೂ ಇಲ್ಲದಂತಾಗಿ ತಟ್ಟೆ ಹಾಳಾಗುತ್ತಿತ್ತು. 2000ದ ಸುಮಾರಿಗೆ ಸ್ಯಾನ್ಯೊ ಕಂಪನಿಯ ‘ಬರ್ನ್-ಪ್ರೂಫ್’ ಎಂಬ ಉಪಾಯವೂ ಅದರಂಥ ಇತರ ಉಪಾಯಗಳೂ ಬಂದಮೇಲೆ, ಡ್ರೈವು ನಿಂತ ಕಡೆಯಿಂದಲೇ ಮತ್ತೆ ಮುಂದುವರಿಯುವುದನ್ನು ಕಲಿಯಿತು. ಈಗ ಅಷ್ಟು ಮಡಿ ಬೇಡ. ಹಾಡುಗಳು ಪೆನ್‌ಡ್ರೈವಿನಲ್ಲಿಯೋ ದೂರದ ಇನ್ನೊಂದು ಕಂಪ್ಯೂಟರಿನಲ್ಲಿಯೋ ಇದ್ದರೆ ಮೊದಲು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಒಳ್ಳೆಯದು, ಅಷ್ಟೆ.

ಖಾಲಿ ತಟ್ಟೆಗಳ ವಿಷಯ ಒಂದಿಷ್ಟು ಚಿಂತೆಯದೇ. ಉತ್ತಮ ತಟ್ಟೆಗಳಿಗೆ ಹೆಸರಾಗಿದ್ದ ಜಪಾನಿನ ತಾಯ್ಯೊ ಯೂಡೆನ್ 2015ರ ಕೊನೆಗೆ ಈ ಉದ್ಯಮವನ್ನು ಬಿಟ್ಟಿತು. ಭಾರತದ ಮನೆಮನೆಗೂ ಪರಿಚಿತವಾಗಿದ್ದ ಮೋಸರ್ ಬೇರ್ ಕಂಪನಿಯನ್ನು ಮುಚ್ಚಿ ಲೆಕ್ಕ ತೀರಿಸಬೇಕೆಂದು 2018ರಲ್ಲಿ ಆದೇಶವಾಯಿತು. ಆದುದರಿಂದ ಅಂಗಡಿಯ ಮೂಲೆಯಲ್ಲಿ ಸಿಕ್ಕುವ ತಟ್ಟೆ ಬಹಳ ವರ್ಷ ಬಿಸಿಲು ಸೆಕೆಗಳಲ್ಲಿ ಕುಳಿತಿದ್ದ ಸರಕಾಗಿರಬಹುದು. ಬರೆಯದೆ ಇಟ್ಟರೂ ಬಣ್ಣಕ್ಕೆ ವಯಸ್ಸಾಗುತ್ತದೆ. ಒಂದೇ ಕಟ್ಟಿನ ಎರಡು ತಟ್ಟೆಗಳು ಕೈಕೊಟ್ಟರೆ ಮೂರನೆಯದರ ಮೇಲೆ ಹಟ ಸಾಧಿಸದೆ ಬೇರೆ ತಯಾರಿಕೆಯದನ್ನು ಕೊಳ್ಳುವುದೇ ವಿವೇಕ. ಡ್ರೈವಿನದೂ ಒಂದು ವಿಚಿತ್ರವುಂಟು. ಡಿ.ವಿ.ಡಿ.ಯನ್ನು ಚೆನ್ನಾಗಿ ಓದುವ ಡ್ರೈವು ಸಿ.ಡಿ.ಯನ್ನು ಗುರುತಿಸದೆ ಹೋಗಬಹುದು. ಎರಡಕ್ಕೂ ಬೇರೆ ಬೇರೆ ಲೇಸರುಗಳಿರುವುದರಿಂದ ಒಂದು ಸತ್ತು ಇನ್ನೊಂದು ಬದುಕಿರುವುದು ಸಾಧ್ಯ. ಅದಕ್ಕೆ ತಂತ್ರಾಂಶವನ್ನು ಮತ್ತೆ ಮತ್ತೆ ಹಾಕಿ ತೆಗೆದು ಫಲವಿಲ್ಲ.

ನಾಲ್ಕನೆಯ ಮತ್ತು ಐದನೆಯ ತಟ್ಟೆಗಳು ನಡುವಣ ವೇಗದಲ್ಲಿ ನಿರ್ವಿಘ್ನವಾಗಿ ಮುಗಿದುವು. ಎದುರುಮನೆಯ ಪರೀಕ್ಷೆಯಲ್ಲಿ ಎರಡೂ ತೇರ್ಗಡೆಯಾದುವು. ರಾಯರು ಕೂಡಲೆ ಬಾಲ್‌ಪೆನ್ನು ಹಿಡಿದು ‘ಅಮ್ಮನ ಹಾಡು’ ಎಂದು ಬರೆಯಲು ಹೊರಟಾಗ ಮೊಮ್ಮಗ ಓಡಿಬಂದು, “ತಾತ, ಬೇಡಿ ಬೇಡಿ!” ಎಂದು ಕೈ ಹಿಡಿದ. ಹುಡುಗನ ಮಾತು ಸರಿಯೇ. ಸಿ.ಡಿ.ಯ ಹೊಳೆಯುವ ಮಗ್ಗುಲನ್ನೇ ಎಲ್ಲರೂ ಜೋಪಾನ ಮಾಡುತ್ತಾರೆ. ಆ ಕಡೆ ಒಂದು ಮಿಲಿಮೀಟರಿಗೂ ದಪ್ಪನೆಯ ಪ್ಲಾಸ್ಟಿಕ್ಕಿನ ಕಾವಲಿದೆ. ಸಣ್ಣ ಗೀರುಗಳನ್ನು ತಡೆದುಕೊಳ್ಳುತ್ತದೆ. ಹೆಸರು ಬರೆಯುವ ಕಡೆಯಲ್ಲಿ ಬಣ್ಣಕ್ಕೂ ಲೋಹದ ಪೊರೆಗೂ ಮೇಲಿರುವುದು ಮೆರುಗೆಣ್ಣೆಯ ತೆಳು ಲೇಪ ಮಾತ್ರ. ಪೆನ್ನಿನ ಮೊನೆ ಒತ್ತಿದರೆ ಹಾಡಿಗೇ ಗಾಯವಾಗುತ್ತದೆ. ಮೆತ್ತನೆಯ ತುದಿಯ ಮಾರ್ಕರ್ ಪೆನ್ನಿನಿಂದ, ಅದೂ ನಡುವಿನ ಪಾರದರ್ಶಕ ಉಂಗುರದ ಮೇಲೆ ಬರೆಯುವುದು ಲೇಸು. ಅಂಟಿನ ಚೀಟಿ ಬೇಡವೇ ಬೇಡ: ಒಂದು ಕಡೆ ಭಾರವಾದರೆ ತಟ್ಟೆ ಓಲಾಡುವುದು, ಚೀಟಿ ಕೀಳಹೋದರೆ ಲೋಹದ ಪೊರೆಯೂ ಕಿತ್ತುಬರುವುದು.

ತಟ್ಟೆಗಳು ಶಿವಮೊಗ್ಗ ತಲುಪಿದ ದಿನ ಸಂಜೆ ಅಕ್ಕನವರು ಫೋನು ಮಾಡಿದರು. ಎರಡನೆಯ ತಟ್ಟೆಯಲ್ಲಿ ಆರತಿ ಹಾಡಿನ ನಡುವೆ ಅಮ್ಮ ಕೆಮ್ಮುವುದು ಕೇಳಿಸುತ್ತದೆಂದೂ, ಅದನ್ನು ಕಂಪ್ಯೂಟರಿನಲ್ಲಿ ತಿದ್ದಿ ತೆಗೆಸಬಾರದೆಂದೂ ಕಟ್ಟಪ್ಪಣೆ ಮಾಡಿದರು. ಆಮೇಲೆ ತಟ್ಟೆಗಳನ್ನು ಕಿಟಕಿಯ ಹಲಗೆಯ ಮೇಲೆ ಇಟ್ಟಿರುವುದಾಗಿ ಹೇಳಿದರು. ರಾಯರು ಗಾಬರಿಯಾಗಿ, ಬಿಸಿಲಿಗೆ ಬಣ್ಣ ಕೆಡುವುದೆಂದೂ ಈಗಲೇ ಕಪಾಟಿನೊಳಗೆ ಇಡಬೇಕೆಂದೂ ಬೇಡಿಕೊಂಡರು. ಮಾರನೆಯ ವಾರ ಮೊಮ್ಮಗ ಮತ್ತೆ ಎಸ್.ಪಿ. ರಸ್ತೆಗೆ ಹೋಗಿ ಇನ್ನೆರಡು ತಟ್ಟೆ ತಂದ.