ಕನ್ನಡ ಸಾಲಿಯ ಚರಿತ್ರೆ ಮತ್ತು ನಮ್ಮ ಹೆಮ್ಮೆ

ಕೆಲವು ತಿಂಗಳ ಹಿಂದೆ ಇಂಡಿ ಭಾಗದ ಗ್ರಾಮವೊಂದರ ಸರಕಾರಿ ಪ್ರಾಥಮಿಕ ಶಾಲೆಯ ಶತಮಾನೋತ್ಸವಕ್ಕೆ ಹೋಗಿದ್ದೆವು. ಈ ಸೀಮೆಗೆ ಅಕ್ಷರದ ಬೆಳಕನ್ನು ತಂದವು ಮಠಗಳೇ, ಸರಕಾರವು ಅನಂತರ ಬಂದು ತನ್ನ ಫಲಕವನ್ನು ತೂಗುಹಾಕಿತಷ್ಟೆ ಎಂದು ಅಲ್ಲಿ ಬಿಡುಗಡೆಯಾದ ಸ್ಮರಣ ಸಂಚಿಕೆಯ ಮೊದಲ ಲೇಖನ ಸಾರಿತ್ತು. ಆ ವಾಕ್ಯವನ್ನು ಓದಿ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ನಮಗೂ ಒಂದು ಕ್ಷಣ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆವು. ಆದರೆ ಅದು ಅರ್ಧಸತ್ಯ. ಉಳಿದರ್ಧವನ್ನು ಕಾವಿಯುಟ್ಟವರೇ ಹೇಳುವುದು ಲೇಸು; ಬೇರೆಯವರು ಹೇಳಿದರೆ ಮಠನಿಂದೆಯೆಂದು ತಳ್ಳಿಹಾಕುವವರುಂಟು.

ಸತ್ಯವಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ಮುಂಬಯಿ ಸರಕಾರದ ವಿದ್ಯಾ ಇಲಾಖೆ ಈ ಕಡೆಗೆ ಕಾಲಿಡುವ ಮುನ್ನ ನಮ್ಮ ಹಳ್ಳಿಗಳಲ್ಲಿದ್ದುದು ಗಾವಠಿ ಶಾಲೆ. ಮಠದ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಅಯ್ಯನವರು ಕುಳಿತು, ಉಸುಕಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಸುಗ್ಗಿಯಲ್ಲಿ ಬರುವ ಜೋಳವೇ ಅವರ ಸಂಬಳ. ಸಾಲಿಮಠ ಎಂಬ ಮನೆತನದ ಹೆಸರು ಇಂದಿಗೂ ಆ ವೃತ್ತಿಯ ಗುರುತನ್ನು ಹೊತ್ತಿದೆ. ಶಾಲೆಯನ್ನು ಮಠವೆಂದು ಕರೆಯುವುದು ಎಷ್ಟು ಸಹಜವಾಗಿತ್ತೆಂದರೆ, 1865ರಲ್ಲಿ ಶಿಕ್ಷಕರಿಗಾಗಿ ಹೊರಟ ಮಾಸಪತ್ರಿಕೆಗೆ ‘ಮಠಪತ್ರಿಕೆ’ ಎಂದೇ ಹೆಸರಿಟ್ಟರು. ಅದು ಯಾವ ಮಠದ ಪತ್ರಿಕೆಯೂ ಆಗಿರಲಿಲ್ಲ.

ಆದರೆ ಆ ಪಡಸಾಲೆಯಲ್ಲಿ ಕುಳಿತವರು ಯಾರು? ಜಂಗಮರ, ಬಣಜಿಗರ, ಉಳ್ಳ ಒಕ್ಕಲು ಮನೆಗಳ ಗಂಡುಮಕ್ಕಳು. ಹೆಣ್ಣುಮಕ್ಕಳಿಗೆ ಅಲ್ಲಿ ಸ್ಥಳವಿರಲಿಲ್ಲ. ಊರ ಹೊರಗಿನ ಕೇರಿಯ ಮಕ್ಕಳು ಹೊಸ್ತಿಲನ್ನೇ ತುಳಿಯುವಂತಿರಲಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ, ಅವರ ಹೆಸರು ಹೇಳಿಯೇ ಲಿಂಗಪೂಜೆ ಮಾಡುವವರ ಅಂಗಳದಲ್ಲಿ, ಕುಲವನ್ನು ಕೇಳಿ ಅಕ್ಷರ ಕೊಟ್ಟೆವು. ಅದು ಕಾಲಧರ್ಮವಾಗಿತ್ತೆಂದು ನಮ್ಮ ವಿದ್ವಾಂಸರು ಸಮಾಧಾನ ಹೇಳುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ಕಾಲಧರ್ಮಕ್ಕೆ ತಲೆಬಾಗಿದ್ದರೆ ನಾವು ಇಂದು ಹೇಳಿಕೊಳ್ಳಲು ಯಾವ ಪರಂಪರೆ ಇರುತ್ತಿತ್ತು?

ಸರಕಾರದ ಶಾಲೆಯೂ ತಾನಾಗಿ ಬಾಗಿಲು ತೆರೆಯಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. 1856ರಲ್ಲಿ ಮಹಾರ ಜಾತಿಯ ಬಾಲಕನೊಬ್ಬನು ಧಾರವಾಡದ ಸರಕಾರಿ ಶಾಲೆಗೆ ಸೇರಲು ಬಂದನು, ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದನು. ನ್ಯಾಯವು ಹುಡುಗನ ಕಡೆಗಿದ್ದರೂ ಒಬ್ಬನಿಗಾಗಿ ಉಳಿದವರ ಮನಸ್ಸು ನೋಯಿಸಲಾಗದೆಂಬ ಅರ್ಥದ ಉತ್ತರ ಬಂದಿತು. ಸರಕಾರದ ಶಾಲೆ ಎಲ್ಲ ವರ್ಗದವರಿಗೂ ತೆರೆದಿರತಕ್ಕದ್ದೆಂದು ಲಂಡನ್ನಿನಿಂದ ಕಂಪನಿಯ ನಿರ್ದೇಶಕರು 1858ರಲ್ಲಿ ಬರೆದರು. ಹಳ್ಳಿಯ ಜಗುಲಿಯವರೆಗೆ ಆ ಮಾತು ಬರಲು ಮತ್ತೆ ಎಷ್ಟೋ ತಲೆಮಾರುಗಳು ಹಿಡಿದವು. ಆದರೂ ಹಕ್ಕು ಕೇಳಿ ಅರ್ಜಿ ಬರೆಯಲು ಸರಕಾರಿ ಶಾಲೆಯಲ್ಲಿ ಅವಕಾಶವಿತ್ತು. ನಮ್ಮ ಪಡಸಾಲೆಯ ಅಯ್ಯನವರ ಮೇಲೆ ಅರ್ಜಿ ಯಾರಿಗೆ ಬರೆಯಬೇಕಿತ್ತು?

ಸ್ಮರಣ ಸಂಚಿಕೆ ಮರೆತ ಇನ್ನೊಂದು ಸಂಗತಿ ಹಣದ್ದು. ಆಗ ಕಲಾದಗಿ ಜಿಲ್ಲೆಯೆನಿಸಿದ್ದ ನಮ್ಮ ಪ್ರದೇಶದಲ್ಲಿ ಹಳ್ಳಿಯ ಶಾಲೆ ನಡೆದುದು ಲೋಕಲ್ ಫಂಡಿನಿಂದ. ರೈತನು ಕೊಡುವ ಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದು ಆಣೆ ಹೆಚ್ಚಿನ ಪಟ್ಟಿ. ಅದರ ಮೂರನೆಯ ಒಂದು ಪಾಲು ಶಾಲೆಗೆ, ಉಳಿದುದು ರಸ್ತೆ ಮೊದಲಾದವುಗಳಿಗೆ. 1876-78ರ ಘೋರ ಬರಗಾಲವನ್ನು ಉಂಡ ನೆಲವಿದು. ಎರೆಹೊಲದ ಜೋಳ ಮಾರಿ ಪಟ್ಟಿ ಕಟ್ಟಿದವನ ಮಗಳು ಆ ಶಾಲೆಯನ್ನು ಕಾಣಲಿಲ್ಲ. ಅನೇಕರ ಮಗನೂ ಕಾಣಲಿಲ್ಲ. ಕನ್ನಡ ಸಾಲಿ ಮಠದ ದಾನವೂ ಅಲ್ಲ, ಸರಕಾರದ ಕೃಪೆಯೂ ಅಲ್ಲ. ಅದು ರೈತನು ಮುಂಗಡವಾಗಿ ಬೆಲೆ ತೆತ್ತ ಸೊತ್ತು.

ಆ ಸೊತ್ತು ಎಂಥ ಫಲ ಕೊಟ್ಟಿತೆಂಬುದನ್ನು ಭೀಮಾತೀರದ ಹಲಸಂಗಿಯಲ್ಲಿ ನೋಡಬೇಕು. ಮಧುರಚೆನ್ನರ ಶಾಲಾ ವಿದ್ಯೆ ಮುಲ್ಕಿ ಪರೀಕ್ಷೆಗೆ ಮುಗಿಯಿತು. ಚಡಚಣದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರು. ಈ ಗೆಳೆಯರ ಗುಂಪು 1931ರಲ್ಲಿ ‘ಗರತಿಯ ಹಾಡು’ ಹೊರತಂದಿತು. ಅಕ್ಷರವರಿಯದ ತಾಯಂದಿರ ಬೀಸುಕಲ್ಲಿನ ಹಾಡುಗಳು ಅಚ್ಚಾದವು. ಯಾವ ಕಾಲೇಜೂ ಅವರಿಗೆ ಇದನ್ನು ಕಲಿಸಿರಲಿಲ್ಲ. ಮಠಗಳ ಪಾಲನ್ನೂ ಅಲ್ಲಗಳೆಯುವುದಿಲ್ಲ. ಫ. ಗು. ಹಳಕಟ್ಟಿಯವರು 1910ರಲ್ಲಿ ವಿಜಾಪುರದಲ್ಲಿ ಹುಟ್ಟುಹಾಕಿದ ವಿದ್ಯಾಸಂಸ್ಥೆಯನ್ನು ಬೆಳೆಸಲು ಬಂಥನಾಳದ ಸಂಗನಬಸವ ಶಿವಯೋಗಿಗಳು ಜೋಳಿಗೆ ಹಿಡಿದರು. ಜೋಳಿಗೆ ಹಿಡಿದವರು ಹೆಮ್ಮೆಯ ಲೇಖನ ಬರೆಯಿಸಲಿಲ್ಲ.

ಇಂದು ಏನಾಗಿದೆ? ತಾಲೂಕಿನ ಪಟ್ಟಣದಲ್ಲಿ ಮಠದ ಹೆಸರಿನ ಇಂಗ್ಲಿಷ್ ಮಾಧ್ಯಮದ ಶಾಲೆ. ಅದರ ಹಳದಿ ಬಸ್ಸು ಮುಂಜಾನೆ ಹಳ್ಳಿಗೆ ಬಂದು ಫೀ ಕೊಡಬಲ್ಲವರ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಕನ್ನಡ ಸಾಲಿಯಲ್ಲಿ ಉಳಿಯುವವರು ಫೀ ಕೊಡಲಾಗದವರು. ದೀಪಾವಳಿಯ ಹೊತ್ತಿಗೆ ತಂದೆತಾಯಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಗುಳೆ ಹೋದಾಗ, ಸಿಂದಗಿ, ಇಂಡಿ ಭಾಗದ ತಾಂಡಾಗಳ ಮಕ್ಕಳು ಅವರ ಬೆನ್ನು ಹತ್ತುತ್ತಾರೆ. ಪಟದ ಮೇಲೆ ಮಕ್ಕಳ ಸಂಖ್ಯೆ ಇಳಿದರೆ ಶಾಲೆಯನ್ನು ಪಕ್ಕದೂರಿನದರಲ್ಲಿ ವಿಲೀನಗೊಳಿಸುವ ಮಾತು ಹೊರಡುತ್ತದೆ. ಆಗ ಭಕ್ತರು ನಮ್ಮ ಹತ್ತಿರ ಬಂದು ಸರಕಾರಕ್ಕೆ ಪತ್ರ ಬರೆಯಿರೆಂದು ಕೇಳುತ್ತಾರೆ. ಬರೆಯೋಣ. ಆದರೆ ಪಟವನ್ನು ಬರಿದು ಮಾಡಿದ ಬಸ್ಸಿನ ಮೇಲೆ ಯಾರ ಹೆಸರಿದೆಯೆಂದು ಅಧಿಕಾರಿಯು ಕೇಳಿದರೆ ಏನೆನ್ನೋಣ?

ಇಂಗ್ಲಿಷು ಬೇಡವೆಂದು ನಮ್ಮ ವಾದವಲ್ಲ. ನಾವೂ ಅದನ್ನು ಓದಿಯೇ ಪದವಿ ಪಡೆದವರು. ಸಂಸ್ಥೆ ನಡೆಯಬೇಕಾದರೆ ಹಣ ಬೇಕೆಂಬ ಮಾತೂ ಗೊತ್ತು. ಆದರೆ ಹಣಕ್ಕಾಗಿ ನಡೆಸುವುದನ್ನು ದಾಸೋಹವೆಂದು ಕರೆಯಬಾರದು. ಗುಳೆ ಹೋದವರ ಮಕ್ಕಳಿಗೆ ನವೆಂಬರಿನಿಂದ ಏಪ್ರಿಲಿನವರೆಗೆ ಮಠದ ಪಡಸಾಲೆಯಲ್ಲಿ ಅನ್ನ, ವಸತಿ ಕೊಟ್ಟು ಅದೇ ಊರಿನ ಕನ್ನಡ ಸಾಲಿಗೆ ಕಳುಹಿಸಿದರೆ ಅದು ದಾಸೋಹ. ಯಾವ ಜಾತಿಯ ಮಗುವೆಂದು ಕೇಳದೆ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಹಳೆಯ ಋಣವೂ ಸ್ವಲ್ಪ ತೀರೀತು.

ಇನ್ನು ಶತಮಾನೋತ್ಸವ ಮಾಡುವ ಊರುಗಳಿಗೆ ಒಂದು ಮಾತು. ಸ್ಮರಣ ಸಂಚಿಕೆಗೆ ಲೇಖನ ಕೇಳುವ ಮುನ್ನ ಮುಖ್ಯಗುರುಗಳ ಕಪಾಟಿನಲ್ಲಿರುವ ದಾಖಲಾತಿ ವಹಿಯನ್ನು ತೆಗೆಯಿಸಿರಿ. ಗೆದ್ದಲು ಹಿಡಿದಿದ್ದರೆ ಬಟ್ಟೆಯ ರಟ್ಟು ಕಟ್ಟಿಸಿರಿ. ಮೊದಲ ಹೆಣ್ಣುಮಗು ಯಾವ ವರ್ಷ ಸೇರಿತು, ಕೇರಿಯ ಮೊದಲ ಮಗು ಯಾವ ವರ್ಷ, ಎಷ್ಟನೆಯ ಇಯತ್ತೆಗೆ ಬಿಟ್ಟಿತು, ಬಿಟ್ಟ ಕಾರಣವೇನು, ಎಲ್ಲವೂ ಅಲ್ಲಿ ಮಾಸ್ತರರ ಕೈಬರಹದಲ್ಲಿರುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯವರಂತೂ ತಡಮಾಡಬಾರದು. ಅವರ ಹಳೆಯ ಶಾಲೆಯ ಗೋಡೆ ನೀರಿನಡಿಯಲ್ಲಿದೆ; ವಹಿ ಉಳಿದಿದ್ದರೆ ಶಾಲೆಯ ಚರಿತ್ರೆಯಾಗಿ ಉಳಿದುದು ಅದೊಂದೇ. ಆ ವಹಿಯ ಮೊದಲ ಪುಟಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸುವುದಾದರೆ ನಮ್ಮನ್ನು ಕರೆಯಿರಿ, ಬರುತ್ತೇವೆ.