ಸಿಮೆಂಟಿನ ಎತ್ತು ಹಂತಿ ತುಳಿಯದು

ಹಳೆಯ ಹಳ್ಳಿಯ ಬಾಳನ್ನು ಬಯಲಿನಲ್ಲಿ ಕಟ್ಟಿ ತೋರಿಸುವ ಸಂಗ್ರಹಾಲಯಗಳು ನಮ್ಮ ಸುತ್ತಲೂ ಎದ್ದಿವೆ. ಕೊಲ್ಲಾಪುರದ ಬಳಿಯ ಕನೇರಿ ಮಠದಲ್ಲಿ ಸಿಮೆಂಟಿನ ಕುಂಬಾರ, ಕಮ್ಮಾರ, ಒಕ್ಕಲಿಗರು ನಿಂತಿದ್ದಾರೆ. ಶಿಗ್ಗಾಂವಿಯ ಬಳಿ ಗೊಟಗೋಡಿಯಲ್ಲಿಯೂ ಅಂಥದೇ ನೋಟ. ಅವನ್ನು ರೂಪಿಸಿದ ಕೈಗಳ ಜಾಣ್ಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದುಧನಿಯಲ್ಲಿಯೂ ಅಂಥದೊಂದು ಏಕಾಗಬಾರದು ಎಂದು ಕೇಳುವವರಿಗೆ ನಮ್ಮ ಉತ್ತರ ಬೇರೆಯಿದೆ.

ಈ ಬಗೆಯ ಸಂಗ್ರಹಾಲಯ ಬೆಳೆದ ಬಗೆಯನ್ನು ನೋಡಿರಿ. ಸ್ವೀಡನ್ನಿನ ಆರ್ಟುರ್ ಹಜೇಲಿಯಸ್ 1873ರಲ್ಲಿ ಸ್ಟಾಕ್‌ಹೋಮಿನಲ್ಲಿ ತನ್ನ ಸಂಗ್ರಹವನ್ನು ತೆರೆದಾಗ ಅವನೂ ಆಳೆತ್ತರದ ಬೊಂಬೆಗಳಿಗೆ ಹಳ್ಳಿಯ ಉಡುಪು ತೊಡಿಸಿದ್ದನು. ಅವನು ಅಲ್ಲಿಗೇ ನಿಲ್ಲಲಿಲ್ಲ. 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯವನ್ನು ತೆರೆದು, ಹಳ್ಳಿಯ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿ, ಅವುಗಳಲ್ಲಿ ಜೀವಂತ ಜನರನ್ನು ಇರಿಸಿದನು. ಇಂದು ಅಲ್ಲಿ ಸುಮಾರು 150 ಕಟ್ಟಡಗಳಿವೆ. ಕಸುಬುಗಾರರು ನೋಡುವವರ ಎದುರಿನಲ್ಲಿಯೇ ದುಡಿಯುತ್ತಾರೆ. ನಮ್ಮಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ವಸ್ತುಗಳ ಜೊತೆಗೆ ಕಲಾವಿದರಿಗೆ ಎಡೆಗೊಟ್ಟಿತು. ಲೋಕವು ಬೊಂಬೆಯಿಂದ ಮನುಷ್ಯನೆಡೆಗೆ ನಡೆದಿರಲು, ಮನುಷ್ಯರಿನ್ನೂ ಇರುವ ನಾವು ಬೊಂಬೆಯೆಡೆಗೆ ಹೋಗುವುದು ಯಾವ ವಿವೇಕ?

ಬೊಂಬೆಗೆ ಕೂಲಿ ಬೇಡ, ಊಟ ಬೇಡ. ಒಮ್ಮೆ ನಿಲ್ಲಿಸಿದರೆ ಮುಗಿಯಿತು ಎನ್ನುವರು. ನಿಜ. ಆದರೆ ಅದಕ್ಕೆ ನಾಲಗೆಯೂ ಇಲ್ಲ. ಸಿಮೆಂಟಿನ ಎತ್ತು ಮೇಟಿಯ ಸುತ್ತ ಎಷ್ಟು ಕಾಲ ನಿಂತರೂ ಹಂತಿಯ ಹಾಡು ಹುಟ್ಟದು. ಈ ಗಡಿನಾಡಿನಲ್ಲಿ ನಮಗಿದು ಸಣ್ಣ ಮಾತಲ್ಲ. ಕಚೇರಿಯ ಭಾಷೆ ಮರಾಠಿ. ನಮ್ಮ ಕನ್ನಡ ಉಸಿರಾಡುವುದು ಮನೆಯಲ್ಲಿ, ಹೊಲದಲ್ಲಿ, ಒಂದಿಷ್ಟು ಕನ್ನಡ ಶಾಲೆಗಳಲ್ಲಿ. ಯಂತ್ರ ಬಂದು ಕಣ ಹೋಯಿತು. ಕಣದೊಡನೆ ಹಂತಿ, ಮೇಟಿ, ಹಗೇವು ಎಂಬ ಮಾತುಗಳೂ ಹೊರಟುನಿಂತಿವೆ. ಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಬೆನ್ನು ಬಗ್ಗಿಸಿ ದುಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಈಸು ಯಾವುದು, ಕುಳ ಯಾವುದು ಎಂದು ಮುಟ್ಟಿ ಹೇಳಬಲ್ಲ ಮುದುಕರು ಇಂದಿಗೂ ನಮ್ಮ ಕಟ್ಟೆಗಳ ಮೇಲೆ ಕುಳಿತಿದ್ದಾರೆ. ಅವರನ್ನು ಕೇಳದೆ ಅವರ ಪ್ರತಿಮೆಗೆ ಹಣ ಕೂಡಿಸುವುದು ನಮಗೆ ಸಲ್ಲದು.

ಆದುದರಿಂದ ಮೊದಲು ನಿವೇಶನ ಬೇಡ, ಅಡಿಗಲ್ಲು ಬೇಡ. ಹಿಂಗಾರಿ ಜೋಳದ ಸುಗ್ಗಿಯಲ್ಲಿ ಒಂದು ದಿನ, ಒಂದು ಕಣ, ಒಂದು ಜೊತೆ ಎತ್ತು, ಹಾಡಬಲ್ಲ ಇಬ್ಬರು ಹಿರಿಯರು, ಸುತ್ತಲೂ ಶಾಲೆಯ ಮಕ್ಕಳು: ಇಷ್ಟು ಸಾಕು. ಮಕ್ಕಳು ಹಾಡನ್ನು ಬಾಯಿಗೆ ತಂದುಕೊಳ್ಳಲಿ, ಮಾತುಗಳನ್ನು ಬರೆದುಕೊಳ್ಳಲಿ. ಮರುವರ್ಷ ಮತ್ತೊಂದು ಕಸುಬು ಸೇರಲಿ. ಸಂಗ್ರಹಾಲಯ ಬೆಳೆಯಬೇಕಾದುದು ಹಾಗೆ. ಗೋಡೆ ಆಮೇಲೆ ಎದ್ದೀತು, ಹಿರಿಯರು ಕಾಯಲಾರರು.