ಸೂರ್ಯನಲ್ಲಿ ಮೊದಲು ಕಂಡ ಅನಿಲ

ಜಡಪ್ರಕೃತಿಯನ್ನು ಅಭ್ಯಸಿಸುವ ಶಾಸ್ತ್ರಗಳಿಗೆ ಭೌತವಿಜ್ಞಾನಗಳೆಂದು ಹೆಸರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಖಗೋಳಶಾಸ್ತ್ರ, ಭೂವಿಜ್ಞಾನ ಇವು ಮುಖ್ಯ ಶಾಖೆಗಳು. ನಮ್ಮ ಮಕ್ಕಳು ಇವನ್ನು ಬೇರೆ ಬೇರೆ ಪಾಠಗಳೆಂದೇ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು, ತಿಳಿವಳಿಕೆಗೆ ಸಾಲದು. ಹೀಲಿಯಂನ ಕಥೆಯನ್ನೇ ನೋಡಿರಿ.

1868ರ ಆಗಸ್ಟ್ 18ರಂದು ನಮ್ಮ ಆಂಧ್ರದ ಗುಂಟೂರಿನಲ್ಲಿ ಖಗ್ರಾಸ ಸೂರ್ಯಗ್ರಹಣ. ಫ್ರಾನ್ಸಿನಿಂದ ಬಂದಿದ್ದ ಜಾನ್ಸೆನ್ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. ಉಜ್ವಲ ಗೆರೆಗಳು ಕಂಡವು. ಆ ಗ್ರಹಣದಲ್ಲಿ ತೋರಿದ ಹಳದಿ ಗೆರೆಯನ್ನು ಸೋಡಿಯಂನದೆಂದು ಬಗೆದವರುಂಟು. ಎರಡು ತಿಂಗಳ ಬಳಿಕ ಇಂಗ್ಲೆಂಡಿನಲ್ಲಿ ಲಾಕ್ಯರ್, ಗ್ರಹಣವಿಲ್ಲದೆಯೇ, ಅದೇ ಗೆರೆಯನ್ನು ಕಂಡರು. ಅದರ ಸ್ಥಾನ ಸೋಡಿಯಂನ ಗೆರೆಗಳಿಗೆ ಹೊಂದಲಿಲ್ಲ. ಗ್ರೀಕರ ಸೂರ್ಯದೇವ ಹೀಲಿಯೋಸನಿಂದ ಹೊಸ ಧಾತುವಿಗೆ ಹೆಸರು ಬಂದಿತು.

ಭೂಮಿಯಲ್ಲಿ ಕಾಣದ ಧಾತುವನ್ನು ನಂಬುವುದೆಂತು? ಸಂಶಯ ಸಹಜವೇ. 1895ರಲ್ಲಿ ರ‍್ಯಾಮ್ಸೆ ಯುರೇನಿಯಂ ಇರುವ ಖನಿಜವೊಂದನ್ನು ಆಮ್ಲದಲ್ಲಿ ಕಾಯಿಸಿದರು; ಹೊರಬಿದ್ದ ಅನಿಲದ ರೋಹಿತದಲ್ಲಿ ಆ ಹಳದಿ ಗೆರೆಯೇ ಇತ್ತು. ಕಲ್ಲಿನೊಳಗೆ ಅದು ಸೇರಿದ್ದು ಹೇಗೆಂಬುದನ್ನು ಮುಂದೆ ರುದರ್‌ಫರ್ಡ್ ತಿಳಿಸಿದರು: ಯುರೇನಿಯಂ ಕ್ಷಯಿಸುವಾಗ ಚಿಮ್ಮುವ ಆಲ್ಫಾ ಕಣವು ಎರಡು ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು ಹೀಲಿಯಂ ಪರಮಾಣುವಾಗುತ್ತದೆ.

ಇದು ಯಾವ ಪಾಠವೆಂದು ಮಗು ಕೇಳಿದರೆ ನಾಲ್ಕು ಪುಸ್ತಕಗಳನ್ನೂ ತೆರೆದಿಡಿರಿ.